ದಾರಿ ಮುಚ್ಚಿದವರು ಯಾರು? ಟಿಗ್ರೇ ದಿಗ್ಬಂಧನದ ಇತಿಹಾಸ



ಇಥಿಯೋಪಿಯಾ ಎಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು 1984ರ ಕ್ಷಾಮ. ಆ ವರ್ಷದ ಅಕ್ಟೋಬರ್ 23ರಂದು ಬಿಬಿಸಿ ವಾಹಿನಿಯು ಕೊರೆಮ್ ಎಂಬ ಊರಿನ ಶಿಬಿರದಿಂದ ಪ್ರಸಾರ ಮಾಡಿದ ವರದಿಯು ಜಗತ್ತನ್ನೇ ತಲ್ಲಣಗೊಳಿಸಿತು. ಎಲುಬು ಎದ್ದ ಮಕ್ಕಳು, ಮುಂಜಾವಿನ ಮಂಜಿನಲ್ಲಿ ಸಾಲಾಗಿ ಮಲಗಿಸಿದ ಶವಗಳು. ಮರುವರ್ಷ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 'ಲೈವ್ ಏಡ್' ಸಂಗೀತೋತ್ಸವ ನಡೆಯಿತು, ಕೋಟ್ಯಂತರ ಹಣ ಸಂಗ್ರಹವಾಯಿತು. ನಾವಾಗ ಚಿಕ್ಕ ಮಕ್ಕಳು. ಇಥಿಯೋಪಿಯಾದಲ್ಲಿ ಮಳೆಯಾಗಿಲ್ಲ, ಆದ್ದರಿಂದ ಜನ ಸಾಯುತ್ತಿದ್ದಾರೆ ಎಂದೇ ನಮ್ಮ ಹಿರಿಯರು ನಮಗೆ ಹೇಳಿದರು. ಅವರಿಗೂ ಪತ್ರಿಕೆಗಳು ಹೇಳಿದ್ದು ಅಷ್ಟೇ.

ಮಳೆಯಾಗಿರಲಿಲ್ಲ ಎಂಬುದು ನಿಜ. ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯಬೇಕಾದರೆ ಆ ಕ್ಷಾಮದ ಹೊಡೆತ ಅತಿ ಹೆಚ್ಚಾಗಿ ಬಿದ್ದ ಪ್ರದೇಶಗಳಲ್ಲಿ ಒಂದಾದ ಟಿಗ್ರೇ ನಾಡಿನ ಇತಿಹಾಸವನ್ನು ನೋಡಬೇಕು. ಏಕೆಂದರೆ ಅದೇ ನಾಡಿನ ಮೇಲೆ, 2020ರಿಂದ 2022ರವರೆಗೆ, ಅದೇ ಬಗೆಯ ಹಸಿವು ಮತ್ತೆ ಬಂದೆರಗಿತು. ಈ ಬಾರಿ ಅದನ್ನು ಮಳೆಯ ಮೇಲೆ ಹೊರಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ನಾಡು ಮತ್ತು ಜನ

ಟಿಗ್ರೇ ಇರುವುದು ಇಥಿಯೋಪಿಯಾದ ಉತ್ತರದ ತುದಿಯಲ್ಲಿ. ಉತ್ತರಕ್ಕೆ ಎರಿಟ್ರಿಯಾ, ಪಶ್ಚಿಮಕ್ಕೆ ಸುಡಾನ್, ದಕ್ಷಿಣಕ್ಕೆ ಅಮ್ಹಾರಾ ಪ್ರಾಂತ್ಯ, ಪೂರ್ವಕ್ಕೆ ಅಫಾರ್‌ನ ಸುಡುವ ಮರುಭೂಮಿ. ಹನ್ನೊಂದು ಕೋಟಿಗೂ ಮೀರಿದ ಜನಸಂಖ್ಯೆಯ ದೇಶದಲ್ಲಿ ಟಿಗ್ರೇ ಜನ ಶೇಕಡಾ ಆರರಷ್ಟು ಮಾತ್ರ. ಅವರ ನುಡಿ ಟಿಗ್ರಿನ್ಯಾ. ಅದಕ್ಕೆ ಗೀಜ್ ಎಂಬ ಪ್ರಾಚೀನ ಲಿಪಿಯಿದೆ.

ಸಂಖ್ಯೆ ಚಿಕ್ಕದಾದರೂ ನೆಲ ಚಿಕ್ಕದಲ್ಲ. ಆಕ್ಸುಮ್ ಸಾಮ್ರಾಜ್ಯದ ಶಿಲಾಸ್ತಂಭಗಳು ಇಲ್ಲಿವೆ. 1896ರ ಮಾರ್ಚ್ 1ರಂದು ಇಟಲಿಯ ವಸಾಹತು ಸೈನ್ಯವನ್ನು ಇಥಿಯೋಪಿಯನ್ನರು ಸೋಲಿಸಿದ ಅದ್ವಾ ರಣಭೂಮಿಯೂ ಇಲ್ಲಿಯೇ ಇದೆ. ಮೆಕ್ಕಾದಲ್ಲಿ ಕಿರುಕುಳಕ್ಕೆ ಒಳಗಾದ ಆದಿ ಮುಸ್ಲಿಮರಿಗೆ ಏಳನೆಯ ಶತಮಾನದಲ್ಲಿ ಆಕ್ಸುಮಿನ ಕ್ರೈಸ್ತ ಅರಸನು ಆಶ್ರಯ ನೀಡಿದನೆಂದು ಪರಂಪರೆ ಹೇಳುತ್ತದೆ. ಆ ನೆನಪನ್ನು ಹೊತ್ತ ಅಲ್-ನೆಜಾಶಿ ಮಸೀದಿ ಟಿಗ್ರೇಯ ನೆಗಾಶ್ ಗ್ರಾಮದಲ್ಲಿದೆ. ನಿರಾಶ್ರಿತರಿಗೆ ಬಾಗಿಲು ತೆರೆದ ನಾಡೆಂದು ಹೆಸರಾದ ಈ ನೆಲದ ಆ ಮಸೀದಿಯೂ 2020ರ ಯುದ್ಧದಲ್ಲಿ ಹಾನಿಗೊಂಡಿತು.

ನಮಗೂ ಈ ನಾಡಿಗೂ ಒಂದು ಸಣ್ಣ ನಂಟಿದೆ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಇಥಿಯೋಪಿಯಾದಲ್ಲಿ ಇಂದಿಗೂ 'ದಗುಸಾ' ಎಂಬ ಹೆಸರಿನಲ್ಲಿ ಅದನ್ನು ಬೆಳೆಯುತ್ತಾರೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ನಮ್ಮ ದೋಸೆಯ ಹಿಟ್ಟಿನಂತೆಯೇ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಹುಯ್ದು ಮಾಡುವ ಇಂಜೆರಾ ಅವರ ನಿತ್ಯದ ಊಟ. ಅಲ್ಲಿನ ಶಾಲೆಗಳಲ್ಲಿ ಹಿಂದೆ ಅನೇಕ ಭಾರತೀಯ ಶಿಕ್ಷಕರಿದ್ದರು. ಇತ್ತೀಚಿನ ದಶಕಗಳಲ್ಲಿ ಭಾರತೀಯ ಪ್ರಾಧ್ಯಾಪಕರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿಯೂ ದುಡಿದಿದ್ದಾರೆ.

ಬ್ರಿಟನ್ನಿನಲ್ಲಿ ನೆಲೆಸಿರುವ ನಾವು ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. 1943ರಲ್ಲಿ ಟಿಗ್ರೇಯ ರೈತರು 'ವೊಯಾನೆ' ಎಂಬ ಹೆಸರಿನ ದಂಗೆಯೆದ್ದು ಚಕ್ರವರ್ತಿ ಹೈಲೆ ಸೆಲಾಸಿಯ ಆಡಳಿತವನ್ನು ಧಿಕ್ಕರಿಸಿದಾಗ, ಚಕ್ರವರ್ತಿಯ ಕೋರಿಕೆಯ ಮೇರೆಗೆ ಏಡನ್ನಿನಿಂದ ಹಾರಿದ ಬ್ರಿಟಿಷ್ ವಿಮಾನಗಳು ಟಿಗ್ರೇಯ ರಾಜಧಾನಿ ಮೆಕೆಲೆಯ ಮೇಲೆ ಬಾಂಬು ಹಾಕಿದವು. ಕೇಂದ್ರಕ್ಕೂ ಈ ಅಂಚಿನ ನಾಡಿಗೂ ಇರುವ ವೈಷಮ್ಯ ನಿನ್ನೆ ಮೊನ್ನೆಯದಲ್ಲ.

1984: ಬರ ಮತ್ತು ಬಂದೂಕು

1974ರಲ್ಲಿ ಚಕ್ರವರ್ತಿಯನ್ನು ಪದಚ್ಯುತಗೊಳಿಸಿ 'ದೆರ್ಗ್' ಎಂಬ ಸೈನಿಕ ಆಡಳಿತವು ಅಧಿಕಾರಕ್ಕೆ ಬಂದಿತು. ಮುಂದೆ ಮೆಂಗಿಸ್ತು ಹೈಲೆ ಮರಿಯಂ ಅದರ ಸರ್ವಾಧಿಕಾರಿಯಾದನು. 1975ರಲ್ಲಿ ಟಿಗ್ರೇಯ ಕೆಲವು ವಿದ್ಯಾರ್ಥಿಗಳು ಕಾಡು ಸೇರಿ 'ಟಿಗ್ರೇ ಜನತಾ ವಿಮೋಚನಾ ರಂಗ'ವನ್ನು ಕಟ್ಟಿದರು. ಎಂಬತ್ತರ ದಶಕದ ವೇಳೆಗೆ ಗ್ರಾಮಾಂತರ ಟಿಗ್ರೇಯ ಬಹುಭಾಗವು ಬಂಡುಕೋರರ ಹಿಡಿತದಲ್ಲಿತ್ತು. ಪಟ್ಟಣಗಳು ಮತ್ತು ಹೆದ್ದಾರಿಗಳು ಸರ್ಕಾರದ ಕೈಯಲ್ಲಿದ್ದವು.

ಬರ ಬಂದಾಗ ಈ ನಕಾಶೆಯೇ ಜನರ ಹಣೆಬರಹವಾಯಿತು. ಹೊರದೇಶಗಳಿಂದ ಬಂದ ಧಾನ್ಯವು ಸರ್ಕಾರದ ಮೂಲಕವೇ ಹೋಗಬೇಕಿತ್ತು. ಸರ್ಕಾರವು ಬಂಡುಕೋರರ ಪ್ರದೇಶಕ್ಕೆ ಅದು ಹೋಗದಂತೆ ನೋಡಿಕೊಂಡಿತು. ಸಂತೆಗಳ ಮೇಲೆ ವಿಮಾನ ದಾಳಿಯ ಭಯವಿದ್ದುದರಿಂದ ಜನ ರಾತ್ರಿಯ ಹೊತ್ತು ಸಂತೆ ಸೇರುತ್ತಿದ್ದರು. ಸುಮಾರು ಎರಡು ಲಕ್ಷ ಜನ ವಾರಗಟ್ಟಲೆ ಕಾಲ್ನಡಿಗೆಯಲ್ಲಿ ಸುಡಾನಿಗೆ ಹೋದರು. ಅದೇ ದಾರಿಯಲ್ಲಿ, ಸುಡಾನಿನ ಕಡೆಯಿಂದ, ರಾತ್ರಿಯ ಕತ್ತಲೆಯಲ್ಲಿ ಪರಿಹಾರದ ಲಾರಿಗಳು ಟಿಗ್ರೇಯ ಒಳಗೆ ಬರುತ್ತಿದ್ದವು. ಆ ಪಶ್ಚಿಮದ ದಾರಿಯಿಂದಲೇ ಅಸಂಖ್ಯ ಜೀವಗಳು ಉಳಿದವು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಮುಂದಿನ ಕಥೆಯಲ್ಲಿ ಆ ದಾರಿಯೂ ಇರುವುದಿಲ್ಲ.

ಆ ಕ್ಷಾಮದಲ್ಲಿ ಸತ್ತವರು ನಾಲ್ಕು ಲಕ್ಷದಿಂದ ಹತ್ತು ಲಕ್ಷದವರೆಗೆ ಎಂದು ಅಂದಾಜುಗಳಿವೆ. ಅದಕ್ಕೂ ಹಿಂದಿನ 1973ರ ವೊಲ್ಲೊ ಕ್ಷಾಮವನ್ನು ಅಧ್ಯಯನ ಮಾಡಿದ ನಮ್ಮ ಅಮರ್ತ್ಯ ಸೇನ್ ಅವರು 1981ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಒಂದು ಮಾತನ್ನು ತೋರಿಸಿಕೊಟ್ಟಿದ್ದರು. ಆಗ ದೇಶದಲ್ಲಿ ಒಟ್ಟಾರೆ ಆಹಾರದ ಕೊರತೆ ಹೇಳಿಕೊಳ್ಳುವಷ್ಟಿರಲಿಲ್ಲ. ಹಸಿದವರ ಕೈಯಲ್ಲಿ ಅದನ್ನು ಪಡೆಯುವ ಶಕ್ತಿ ಇರಲಿಲ್ಲ, ಅಷ್ಟೇ. ಆಹಾರ ಇದೆಯೇ ಎಂಬ ಪ್ರಶ್ನೆ ಒಂದು, ಅದು ತಟ್ಟೆಗೆ ಬರುತ್ತದೆಯೇ ಎಂಬ ಪ್ರಶ್ನೆ ಬೇರೊಂದು.

ಅಧಿಕಾರ ಮತ್ತು ಸೇಡು

1991ರ ಮೇ ತಿಂಗಳಲ್ಲಿ ಮೆಂಗಿಸ್ತು ದೇಶ ಬಿಟ್ಟು ಓಡಿದನು. ವಿಮೋಚನಾ ರಂಗದ ನೇತೃತ್ವದ ಒಕ್ಕೂಟವು ಅಡಿಸ್ ಅಬಾಬಾವನ್ನು ಪ್ರವೇಶಿಸಿತು. ಮುಂದಿನ ಇಪ್ಪತ್ತೇಳು ವರ್ಷ ದೇಶದ ಅಧಿಕಾರದ ಕೇಂದ್ರದಲ್ಲಿ ಇದ್ದದ್ದು ಈ ರಂಗವೇ. ಆ ಕಾಲದಲ್ಲಿ ರಸ್ತೆಗಳು, ಶಾಲೆಗಳು, ಆರೋಗ್ಯ ಕೇಂದ್ರಗಳು ಬೆಳೆದವು. ಅದರೊಡನೆ ವಿರೋಧಿಗಳ ಬಂಧನ, ಚಿತ್ರಹಿಂಸೆ, ಪತ್ರಿಕೆಗಳ ದಮನವೂ ನಡೆಯಿತು. ಜನಸಂಖ್ಯೆಯಲ್ಲಿ ಶೇಕಡಾ ಆರರಷ್ಟಿರುವವರ ಪಕ್ಷ ಇಡೀ ದೇಶವನ್ನು ಆಳುತ್ತಿದೆ ಎಂಬ ಸಿಟ್ಟು ಉಳಿದ ಜನಾಂಗಗಳಲ್ಲಿ ಮಡುಗಟ್ಟಿತು. ಪಕ್ಷದ ಮೇಲಿದ್ದ ಆ ಸಿಟ್ಟು ಮುಂದೆ ಇಡೀ ಜನಾಂಗದ ಮೇಲೆ ತಿರುಗಿತು.

2018ರಲ್ಲಿ ಅಬಿಯ್ ಅಹ್ಮದ್ ಪ್ರಧಾನಿಯಾದರು. ಎರಿಟ್ರಿಯಾದೊಡನೆ ಶಾಂತಿ ಮಾಡಿಕೊಂಡದ್ದಕ್ಕಾಗಿ ಅವರಿಗೆ 2019ರ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು. ಅಧಿಕಾರ ಕಳೆದುಕೊಂಡ ರಂಗದ ನಾಯಕರು ಮೆಕೆಲೆಗೆ ಹಿಂತಿರುಗಿದರು. ಕೋವಿಡ್ ಕಾರಣದಿಂದ ಕೇಂದ್ರವು ಚುನಾವಣೆಯನ್ನು ಮುಂದೂಡಿತು. ಅದನ್ನು ಒಪ್ಪದೆ ಟಿಗ್ರೇ 2020ರ ಸೆಪ್ಟೆಂಬರ್‌ನಲ್ಲಿ ತನ್ನದೇ ಚುನಾವಣೆ ನಡೆಸಿತು. ನವೆಂಬರ್ 3ರ ರಾತ್ರಿ ಟಿಗ್ರೇ ಪಡೆಗಳು ಅಲ್ಲಿದ್ದ ರಾಷ್ಟ್ರೀಯ ಸೈನ್ಯದ ಉತ್ತರ ವಿಭಾಗದ ನೆಲೆಗಳ ಮೇಲೆ ದಾಳಿ ಮಾಡಿದವು. ಪ್ರಧಾನಿ ಕೂಡಲೇ ಸೈನಿಕ ಕಾರ್ಯಾಚರಣೆಗೆ ಆದೇಶಿಸಿದರು. ಅಮ್ಹಾರಾ ಪಡೆಗಳು ದಕ್ಷಿಣ ಮತ್ತು ಪಶ್ಚಿಮದಿಂದ, ಎರಿಟ್ರಿಯಾದ ಸೈನ್ಯ ಉತ್ತರದಿಂದ ನುಗ್ಗಿದವು. ನವೆಂಬರ್ 28ರಂದು ಮೆಕೆಲೆ ಸರ್ಕಾರದ ವಶವಾಯಿತು.

ಕ್ರೌರ್ಯ ಒಂದೇ ಕಡೆಯದಾಗಿರಲಿಲ್ಲ. ನವೆಂಬರ್ 9ರಂದು ಮೈ ಕಾದ್ರಾ ಎಂಬಲ್ಲಿ ನೂರಾರು ಅಮ್ಹಾರಾ ನಾಗರಿಕರ ಕೊಲೆಯಾಯಿತು. ಅದೇ ತಿಂಗಳ 28 ಮತ್ತು 29ರಂದು ಆಕ್ಸುಮ್ ನಗರದಲ್ಲಿ ಎರಿಟ್ರಿಯಾದ ಸೈನಿಕರು ನೂರಾರು ನಾಗರಿಕರನ್ನು ಕೊಂದರು. ದೂರವಾಣಿ, ಅಂತರಜಾಲ ಎಲ್ಲವೂ ಸ್ಥಗಿತಗೊಂಡಿದ್ದುದರಿಂದ ಆಮ್ನೆಸ್ಟಿ ಸಂಸ್ಥೆಯ ಪೂರ್ಣ ವರದಿ ಹೊರಬರುವಾಗ 2021ರ ಫೆಬ್ರವರಿ ಕೊನೆಯಾಗಿತ್ತು.

ಯುದ್ಧ ಆರಂಭವಾದದ್ದು ಸುಗ್ಗಿಯ ಕಾಲದಲ್ಲಿ. ಆ ವರ್ಷ ಮಿಡತೆಗಳ ಹಾವಳಿಯೂ ಇತ್ತು. ಅಳಿದುಳಿದ ಬೆಳೆಯನ್ನು ಸೈನಿಕರು ಸುಟ್ಟರು, ಇಲ್ಲವೇ ದೋಚಿದರು. ಉಳುವ ಎತ್ತುಗಳನ್ನು ಕೊಂದರು. ಆಸ್ಪತ್ರೆಗಳ ಗತಿಯೂ ಅದೇ ಆಯಿತು. ಡಿಸೆಂಬರ್ ಮಧ್ಯದಿಂದ ಮಾರ್ಚ್ ಮೊದಲವರೆಗೆ 'ಗಡಿರಹಿತ ವೈದ್ಯರು' ಸಂಸ್ಥೆಯ ತಂಡಗಳು ಭೇಟಿ ನೀಡಿದ 106 ಆರೋಗ್ಯ ಕೇಂದ್ರಗಳಲ್ಲಿ ಸುಮಾರು ಶೇಕಡಾ 70ರಷ್ಟು ಲೂಟಿಯಾಗಿದ್ದವು. ಸರಿಯಾಗಿ ಕೆಲಸ ಮಾಡುತ್ತಿದ್ದುದು ಶೇಕಡಾ 13 ಮಾತ್ರ.

ದಿಗ್ಬಂಧನ

2021ರ ಜೂನ್ 28ರಂದು ಟಿಗ್ರೇ ಪಡೆಗಳು ಮೆಕೆಲೆಯನ್ನು ಮರಳಿ ಗೆದ್ದವು. ಕೇಂದ್ರ ಸರ್ಕಾರವು ಏಕಪಕ್ಷೀಯ ಕದನವಿರಾಮವನ್ನು ಘೋಷಿಸಿ ಹಿಂದೆ ಸರಿಯಿತು. ಹಿಂದೆ ಸರಿಯುವಾಗ ವಿದ್ಯುತ್ತು, ದೂರವಾಣಿ, ಅಂತರಜಾಲ, ಬ್ಯಾಂಕು, ವಿಮಾನ ಸಂಚಾರ, ಎಲ್ಲವನ್ನೂ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ತೆಕೆಜೆ ನದಿಯ ಮೇಲಿನ ಮುಖ್ಯ ಸೇತುವೆಯೊಂದು ನಾಶವಾಯಿತು.

ದಿಗ್ಬಂಧನ ಎಂಬ ಪದ ನಮ್ಮ ಭಾಷೆಯಲ್ಲಿ ಎಷ್ಟು ಅರ್ಥಪೂರ್ಣವಾಗಿದೆಯೆಂದು ಈ ನಕಾಶೆಯನ್ನು ನೋಡಿದಾಗ ತಿಳಿಯುತ್ತದೆ. ನಿಜವಾಗಿಯೂ ನಾಲ್ಕು ದಿಕ್ಕುಗಳೂ ಕಟ್ಟಲ್ಪಟ್ಟಿದ್ದವು. ಉತ್ತರದಲ್ಲಿ ಎರಿಟ್ರಿಯಾ ಶತ್ರುವಾಗಿತ್ತು. ದಕ್ಷಿಣದಲ್ಲಿ ಅಮ್ಹಾರಾ ಗಡಿ ರಣರಂಗವಾಗಿತ್ತು. ಪಶ್ಚಿಮ ಟಿಗ್ರೇಯನ್ನು ಅಮ್ಹಾರಾ ಪಡೆಗಳು ಹಿಡಿದು ಅಲ್ಲಿನ ಟಿಗ್ರೇ ಜನರನ್ನು ಹೊರದೂಡಿದ್ದವು. ಹಾಗಾಗಿ 1984ರಲ್ಲಿ ಪ್ರಾಣ ಉಳಿಸಿದ್ದ ಸುಡಾನಿನ ದಾರಿ ಮುಚ್ಚಿತ್ತು. ಉಳಿದದ್ದು ಪೂರ್ವದ ಒಂದೇ ರಸ್ತೆ. ಅಫಾರ್‌ನ ಸೆಮೆರಾ ಪಟ್ಟಣದಿಂದ ಮರುಭೂಮಿಯನ್ನು ಹಾದು, ಅಬಾಲಾದ ಮೂಲಕ ಮೆಕೆಲೆಗೆ ಏರುವ ರಸ್ತೆ. ಆ ರಸ್ತೆಯ ಮೇಲೆ ತಪಾಸಣೆಯ ಠಾಣೆಗಳು, ಅನುಮತಿ ಪತ್ರಗಳು, ಕಾಯುವಿಕೆ.

ವಿಶ್ವಸಂಸ್ಥೆಯ ಲೆಕ್ಕದಂತೆ ದಿನವೊಂದಕ್ಕೆ 100 ಲಾರಿಗಳ ಸಾಮಗ್ರಿ ಬೇಕಿತ್ತು. ಸೆಪ್ಟೆಂಬರ್ ಕೊನೆಯ ವೇಳೆಗೆ ತಲುಪಿದ್ದು ಅಗತ್ಯದ ಹತ್ತನೆಯ ಒಂದು ಭಾಗ. ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಇದನ್ನು ವಾಸ್ತವದಲ್ಲಿ ದಿಗ್ಬಂಧನವೇ ಎಂದು ಬಹಿರಂಗವಾಗಿ ಹೇಳಿದರು. ಎರಡು ದಿನಗಳ ನಂತರ, ಸೆಪ್ಟೆಂಬರ್ 30ರಂದು, ಸರ್ಕಾರವು ವಿಶ್ವಸಂಸ್ಥೆಯ ಏಳು ಹಿರಿಯ ಅಧಿಕಾರಿಗಳನ್ನು ದೇಶದಿಂದ ಹೊರಹಾಕಿತು. ಅದಕ್ಕೂ ಮೊದಲೇ ಎರಡು ದೊಡ್ಡ ಪರಿಹಾರ ಸಂಸ್ಥೆಗಳ ಕೆಲಸವನ್ನು ಮೂರು ತಿಂಗಳ ಕಾಲ ನಿಲ್ಲಿಸಲಾಗಿತ್ತು. 2021ರ ಡಿಸೆಂಬರ್ ಮಧ್ಯದಿಂದ 2022ರ ಏಪ್ರಿಲ್ 1ರವರೆಗೆ, ಮೂರೂವರೆ ತಿಂಗಳು, ಆಹಾರದ ಒಂದೇ ಒಂದು ಲಾರಿಯೂ ರಸ್ತೆಯ ಮೂಲಕ ಟಿಗ್ರೇಯನ್ನು ತಲುಪಲಿಲ್ಲ.

ಸರ್ಕಾರದ ವಾದವನ್ನೂ ಹೇಳಬೇಕು. ನೆರವಿನ ಹೆಸರಿನಲ್ಲಿ ಬಂಡುಕೋರರಿಗೆ ಬಲ ಸಿಗುತ್ತದೆ, ಒಳಹೋದ ಲಾರಿಗಳು ಹಿಂತಿರುಗುತ್ತಿಲ್ಲ ಎಂದು ಅದು ಹೇಳಿತು. ಈ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಒಳಹೋದ ನೂರಾರು ಲಾರಿಗಳು ಹಿಂದೆ ಬಾರದಿದ್ದುದನ್ನು ವಿಶ್ವಸಂಸ್ಥೆಯೇ ದೃಢಪಡಿಸಿತು. ಇಂಧನದ ಅಭಾವವೂ ಅದಕ್ಕೆ ಒಂದು ಕಾರಣವಾಗಿತ್ತು. ಟಿಗ್ರೇ ಪಡೆಗಳು ಅಮ್ಹಾರಾ ಮತ್ತು ಅಫಾರ್ ಪ್ರಾಂತ್ಯಗಳಿಗೆ ನುಗ್ಗಿ ಅಲ್ಲಿಯೂ ಆಸ್ಪತ್ರೆಗಳನ್ನು ದೋಚಿದವು, ನಾಗರಿಕರನ್ನು ಕೊಂದವು, ಅತ್ಯಾಚಾರ ಎಸಗಿದವು. 2022ರ ಆಗಸ್ಟ್‌ನಲ್ಲಿ ಮೆಕೆಲೆಯ ವಿಶ್ವ ಆಹಾರ ಕಾರ್ಯಕ್ರಮದ ಉಗ್ರಾಣದಿಂದ 5,70,000 ಲೀಟರ್ ಇಂಧನವನ್ನು ಬಲವಂತವಾಗಿ ಒಯ್ದವರೂ ಅವರೇ. ಆದರೆ ಒಂದು ಪಕ್ಷದ ಸೈನಿಕರು ಮಾಡಿದ ಅಪರಾಧಕ್ಕೆ ಎದೆಹಾಲಿನ ಮಗುವನ್ನು ಹೊಣೆ ಮಾಡಲು ಯಾವ ಕಾನೂನೂ ಒಪ್ಪುವುದಿಲ್ಲ. ಆಂತರಿಕ ಯುದ್ಧಗಳಲ್ಲಿಯೂ ನಾಗರಿಕರನ್ನು ಉಪವಾಸ ಕೆಡವುವುದನ್ನು ಜಿನೀವಾ ಒಪ್ಪಂದಗಳ 1977ರ ಎರಡನೆಯ ಪೂರಕ ನಿಯಮಾವಳಿಯು ನಿಷೇಧಿಸಿದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2018ರ ಮೇ ತಿಂಗಳ ತನ್ನ 2417ನೆಯ ನಿರ್ಣಯದಲ್ಲಿ ಇದನ್ನೇ ಖಂಡಿಸಿತ್ತು. ನಿಯಮದ ಕೊರತೆ ಇರಲಿಲ್ಲ.

ಆಸ್ಪತ್ರೆಯ ಒಳಗೆ

ಮೆಕೆಲೆಯ ಐದರ್ ಆಸ್ಪತ್ರೆ ಟಿಗ್ರೇಯ ಅತಿ ದೊಡ್ಡ ಬೋಧನಾ ಆಸ್ಪತ್ರೆ. ಯುದ್ಧಕ್ಕೆ ಮೊದಲು ಶಸ್ತ್ರಚಿಕಿತ್ಸೆ, ತೀವ್ರನಿಗಾ ಘಟಕ, ಡಯಾಲಿಸಿಸ್ ಎಲ್ಲವೂ ಅಲ್ಲಿತ್ತು. ದಿಗ್ಬಂಧನದ ತಿಂಗಳುಗಳಲ್ಲಿ ಅಲ್ಲಿನ ವೈದ್ಯರು ಬಳಸಿದ ಕೈಗವಸುಗಳನ್ನೇ ತೊಳೆದು ಮತ್ತೆ ಬಳಸಿದರು. ಎದೆಗೂಡಿಗೆ ಹಾಕುವ ಕೊಳವೆಗಳನ್ನೂ ಹಾಗೆಯೇ ಮರುಬಳಕೆ ಮಾಡಿದರು. ಅವಧಿ ಮುಗಿದ ಔಷಧಿಗಳನ್ನು ಕೊಟ್ಟರು. ಹಳೆಯ ಬಟ್ಟೆಗಳನ್ನು ಕತ್ತರಿಸಿ ಗಾಯಕ್ಕೆ ಕಟ್ಟಿದರು. ಅವರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಅವರ ಮನೆಗಳಲ್ಲಿಯೂ ಹಸಿವಿತ್ತು. ಬಾಂಬಿನಿಂದ ಗಾಯಗೊಂಡವರ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ದಿಗ್ಬಂಧನ ಕೊಲ್ಲುವ ಬಗೆ ಅದಲ್ಲ. ವೈದ್ಯನಾದ ನಾನು ಓದುಗರ ಮುಂದೆ ಮುಖ್ಯವಾಗಿ ಇಡಬಯಸುವುದು ಇದನ್ನೇ.

ಟೈಪ್ 1 ಮಧುಮೇಹವಿರುವ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಆಕೆಯ ಶರೀರ ಇನ್ಸುಲಿನ್ನನ್ನು ತಯಾರಿಸುವುದಿಲ್ಲ. ಚುಚ್ಚುಮದ್ದು ನಿಂತರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಆದರೆ ಜೀವಕೋಶಗಳು ಅದನ್ನು ಬಳಸಲಾರವು. ತುಂಬಿದ ಕಣಜದ ಮುಂದೆ ಉಪವಾಸವಿರುವ ಸ್ಥಿತಿ ಅದು. ಶರೀರ ಕೊಬ್ಬನ್ನು ಕರಗಿಸತೊಡಗುತ್ತದೆ, ರಕ್ತ ಆಮ್ಲೀಯವಾಗುತ್ತದೆ. ತಣಿಯದ ಬಾಯಾರಿಕೆ, ವಾಂತಿ, ಆಳವಾದ ಏದುಸಿರು, ಮಂಪರು, ಕೊನೆಗೆ ಪ್ರಜ್ಞಾಹೀನತೆ. ಇದು ಕೆಲವೇ ದಿನಗಳ ಮಾತು. ಇನ್ಸುಲಿನ್ 1922ರಿಂದಲೂ ರೋಗಿಗಳಿಗೆ ದೊರೆಯುತ್ತಿರುವ ಔಷಧಿ. ಒಂದು ನಗರದ ರೋಗಿಗಳಿಗೆ ಹಲವು ತಿಂಗಳು ಸಾಲುವಷ್ಟನ್ನು ಸಣ್ಣದೊಂದು ವಿಮಾನದಲ್ಲಿ ಒಯ್ಯಬಹುದು. ಅಂತಹ ವಿಮಾನ ಮೆಕೆಲೆಯಲ್ಲಿ ಇಳಿದದ್ದು 2022ರ ಜನವರಿ 26ರಂದು. ಇನ್ಸುಲಿನ್ ಮತ್ತು ಅತ್ಯಗತ್ಯ ಸಾಮಗ್ರಿಗಳನ್ನು ತಂದದ್ದು ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ. ಅದರ ಹಿಂದಿನ ಔಷಧಿ ಸಾಗಣೆ ಬಂದದ್ದು ಸೆಪ್ಟೆಂಬರ್‌ನಲ್ಲಿ.

ಎಂಬಿಬಿಎಸ್ ಓದುವಾಗ ಮರಣ ಪ್ರಮಾಣಪತ್ರವನ್ನು ತುಂಬುವ ಕ್ರಮವನ್ನು ನಮಗೆ ಕಲಿಸುತ್ತಾರೆ. ಮೊದಲ ಸಾಲಿನಲ್ಲಿ ಸಾವಿನ ತತ್‌ಕ್ಷಣದ ಕಾರಣ. ಅದರ ಕೆಳಗೆ, ಆ ಕಾರಣಕ್ಕೆ ಕಾರಣ ಯಾವುದು ಎಂದು. ಇನ್ನೂ ಕೆಳಗೆ, ಅದಕ್ಕೂ ಮೂಲ ಯಾವುದು ಎಂದು. ಹುಡುಗಿಯ ಪತ್ರದಲ್ಲಿ ಮೊದಲ ಸಾಲು ಕೀಟೊಆಸಿಡೋಸಿಸ್, ಎರಡನೆಯದು ಮಧುಮೇಹ. ಅಲ್ಲಿಗೆ ಪತ್ರ ಮುಗಿಯುತ್ತದೆ. 'ಔಷಧಿಯ ಲಾರಿಗೆ ಅನುಮತಿ ಸಿಗಲಿಲ್ಲ' ಎಂದು ಬರೆಯಲು ಅಲ್ಲಿ ಸಾಲಿಲ್ಲ. ಹೀಗೆಯೇ ಅಪೌಷ್ಟಿಕತೆಯಿಂದ ಸೊರಗಿದ ಮಗು ಅತಿಸಾರದಿಂದ ಸಾಯುತ್ತದೆ. ಹೆರಿಗೆಯ ರಕ್ತಸ್ರಾವವಾದ ತಾಯಿ ಆಂಬುಲೆನ್ಸಿಗೆ ಇಂಧನವಿಲ್ಲದೆ ಹಾದಿಯಲ್ಲಿಯೇ ಸಾಯುತ್ತಾಳೆ. ದಾಖಲೆಯಲ್ಲಿ ಇವೆಲ್ಲ ಕಾಯಿಲೆಯ ಸಾವುಗಳು. ಗುಂಡೇಟಿನಿಂದ ಸತ್ತವನಿಗೆ ಕೊಂದವನೊಬ್ಬ ಇರುತ್ತಾನೆ. ಇವರನ್ನು ಕೊಂದವರು ಯಾರೂ ಇಲ್ಲ ಎನ್ನಿಸುವಂತೆ ಮಾಡುವುದೇ ದಿಗ್ಬಂಧನದ ಗುಣ.

ಟಿಗ್ರೇಯ ಸಂಶೋಧಕರು ಮನೆಮನೆಗೆ ಹೋಗಿ ಮಾಡಿದ ಅಧ್ಯಯನವೊಂದು ಈ ಕಾಣದ ಸಾವುಗಳ ಒಂದು ಅಂಶವನ್ನು ಎಣಿಸಿತು. ಯುದ್ಧಕ್ಕೆ ಮೊದಲು ಒಂದು ಲಕ್ಷ ಜೀವಂತ ಜನನಗಳಿಗೆ 186 ಇದ್ದ ತಾಯಂದಿರ ಮರಣ ಪ್ರಮಾಣ ಯುದ್ಧಕಾಲದಲ್ಲಿ 840ಕ್ಕೆ ಏರಿತ್ತು. ಮುತ್ತಿಗೆಗೆ ಒಳಗಾದ ವೈದ್ಯರು ಲೆಕ್ಕ ಬರೆದಿಡುವ ಪರಂಪರೆ ಹಳೆಯದು. 1942ರಲ್ಲಿ ನಾಜಿಗಳು ಮುಚ್ಚಿಟ್ಟಿದ್ದ ವಾರ್ಸಾದ ಯಹೂದಿ ಕೇರಿಯಲ್ಲಿ, ತಾವೂ ಹಸಿದಿದ್ದ ವೈದ್ಯರು ಹಸಿವಿನಿಂದ ಶರೀರದಲ್ಲಾಗುವ ಬದಲಾವಣೆಗಳನ್ನು ಕ್ರಮಬದ್ಧವಾಗಿ ದಾಖಲಿಸಿದರು. ಹಸ್ತಪ್ರತಿಯನ್ನು ಗುಟ್ಟಾಗಿ ಹೊರಗೆ ಸಾಗಿಸಲಾಯಿತು. 1946ರಲ್ಲಿ ಅದು ಪ್ರಕಟವಾಯಿತು. ಬರೆದವರಲ್ಲಿ ಹೆಚ್ಚಿನವರು ಆ ವೇಳೆಗೆ ಬದುಕಿರಲಿಲ್ಲ.

ದೂರದಲ್ಲಿದ್ದವರು

ಪರದೇಶದಲ್ಲಿರುವ ನಮಗೆ ದಿಗ್ಬಂಧನದ ಇನ್ನೊಂದು ಮುಖ ಬೇಗ ಅರ್ಥವಾದೀತು. ವಾರಕ್ಕೊಮ್ಮೆ ಊರಿಗೆ ಫೋನು ಮಾಡುವುದು, ಅಪ್ಪನ ಔಷಧಿಗೆ, ತಂಗಿಯ ಶುಲ್ಕಕ್ಕೆ ಹಣ ಕಳಿಸುವುದು ನಮ್ಮೆಲ್ಲರ ಬದುಕಿನ ಭಾಗ. ಬ್ರಿಟನ್, ಅಮೆರಿಕ, ಜರ್ಮನಿಗಳಲ್ಲಿ ನೆಲೆಸಿದ್ದ ಟಿಗ್ರೇ ಜನರಿಗೆ ಎರಡೂ ಒಮ್ಮೆಲೇ ನಿಂತುಹೋದವು. ದೂರವಾಣಿ ಇಲ್ಲ, ಬ್ಯಾಂಕು ಇಲ್ಲ. ಮಧ್ಯವರ್ತಿಗಳ ಮೂಲಕ ಹೇಗೋ ಹಣ ಕಳಿಸಿದರೆ ಅದರಲ್ಲಿ ದೊಡ್ಡ ಪಾಲು ದಾರಿಯಲ್ಲಿಯೇ ಕರಗುತ್ತಿತ್ತು.

ನನ್ನ ಜೊತೆ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದ ದಾದಿಯೊಬ್ಬರು ಆ ನಾಡಿನವರು. ವರ್ಷಕ್ಕೂ ಮೀರಿ ಅವರಿಗೆ ತಾಯಿಯ ದನಿ ಕೇಳಿಸಲಿಲ್ಲ. ಆಕೆ ಬದುಕಿದ್ದಾರೆಯೇ ಇಲ್ಲವೇ ಎಂಬುದೂ ಗೊತ್ತಿರಲಿಲ್ಲ. ಶೋಕ ಆಚರಿಸಬೇಕೋ, ಹುಟ್ಟುಹಬ್ಬಕ್ಕೆ ಹಾರೈಸಬೇಕೋ ತಿಳಿಯದು ಎಂದು ಒಮ್ಮೆ ಹೇಳಿದ್ದರು. ಅವರ ಕೆಲಸದಲ್ಲಿ ಒಂದು ದಿನವೂ ಲೋಪ ಕಾಣಲಿಲ್ಲ. ಹತ್ತಾರು ಸಹೋದ್ಯೋಗಿಗಳಲ್ಲಿ ಹೆಚ್ಚಿನವರಿಗೆ ಅಂತಹದೊಂದು ಯುದ್ಧ ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲಂತೂ ಜಗತ್ತಿನ ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಟಿಗ್ರೇಗೆ ಕ್ಯಾಮೆರಾಗಳಿಗೆ ಪ್ರವೇಶವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕ ಟೆಡ್ರೋಸ್ ಅಧನೋಮ್ ಸ್ವತಃ ಟಿಗ್ರೇಯವರು. ಅವರು ಮತ್ತೆ ಮತ್ತೆ ಈ ವಿಷಯ ಎತ್ತಿದಾಗ ಅವರದು ಪಕ್ಷಪಾತ ಎಂದು ಇಥಿಯೋಪಿಯಾ ಸರ್ಕಾರ ದೂರಿತು.

ಒಪ್ಪಂದ ಮತ್ತು ಉಳಿದ ಪ್ರಶ್ನೆ

2022ರ ಮಾರ್ಚ್‌ನಲ್ಲಿ ಮಾನವೀಯ ಕದನವಿರಾಮ ಘೋಷಣೆಯಾಗಿ ಕೆಲಕಾಲ ಲಾರಿಗಳು ಬಂದವು. ಆಗಸ್ಟ್ 24ರಂದು ಯುದ್ಧ ಮತ್ತೆ ಹೊತ್ತಿಕೊಂಡಿತು. ನವೆಂಬರ್ 2ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಆಫ್ರಿಕಾ ಒಕ್ಕೂಟದ ಮಧ್ಯಸ್ಥಿಕೆಯಲ್ಲಿ ಶಾಂತಿ ಒಪ್ಪಂದವಾಯಿತು. ಡಿಸೆಂಬರ್‌ನಲ್ಲಿ ವಿದ್ಯುತ್ ಸಂಪರ್ಕ ಮರಳಿತು. ಆ ತಿಂಗಳ 28ರಂದು ಅಡಿಸ್ ಅಬಾಬಾದಿಂದ ಮೆಕೆಲೆಗೆ ಪ್ರಯಾಣಿಕ ವಿಮಾನ ಮತ್ತೆ ಹಾರಿತು. ವಿಮಾನ ನಿಲ್ದಾಣದಲ್ಲಿ ಮಕ್ಕಳು ತಾಯಂದಿರನ್ನು ಅಪ್ಪಿಕೊಂಡು ಅತ್ತರು. ಬಂದವರಲ್ಲಿ ಹಲವರಿಗೆ ಮನೆಯವರ ಸಾವಿನ ಸುದ್ದಿ ತಿಳಿದದ್ದು ಅಂದೇ.

ಹಸಿವು ಒಪ್ಪಂದದೊಡನೆ ಮುಗಿಯಲಿಲ್ಲ. ಪರಿಹಾರ ಧಾನ್ಯ ಬೇರೆಡೆ ಮಾರಾಟವಾಗುತ್ತಿದೆಯೆಂದು ಕಂಡುಬಂದುದರಿಂದ 2023ರಲ್ಲಿ ಅಮೆರಿಕವೂ ವಿಶ್ವ ಆಹಾರ ಕಾರ್ಯಕ್ರಮವೂ ನೆರವನ್ನು ತಿಂಗಳುಗಟ್ಟಲೆ ನಿಲ್ಲಿಸಿದವು. ಕದ್ದವರಿಗಿಂತ ಹಸಿದವರೇ ಅದರ ಬೆಲೆ ತೆತ್ತರು. ಪಶ್ಚಿಮ ಟಿಗ್ರೇಯಿಂದ ಹೊರದೂಡಲ್ಪಟ್ಟ ಲಕ್ಷಾಂತರ ಜನ ಒಪ್ಪಂದವಾಗಿ ವರ್ಷಗಳು ಕಳೆದರೂ ಶಾಲೆಗಳಲ್ಲಿ, ಶಿಬಿರಗಳಲ್ಲಿ ದಿನ ನೂಕಬೇಕಾಯಿತು.

ಸತ್ತವರು ಎಷ್ಟು? ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ತಂಡವು ಹಿಂಸೆ, ಹಸಿವು, ಚಿಕಿತ್ಸೆಯ ಕೊರತೆ ಮೂರನ್ನೂ ಸೇರಿಸಿ ಮೂರರಿಂದ ಆರು ಲಕ್ಷ ನಾಗರಿಕರು ಎಂದು ಅಂದಾಜು ಮಾಡಿತು. ಇದಕ್ಕಿಂತ ಕಡಿಮೆ ಹೇಳುವವರೂ ಇದ್ದಾರೆ. ವಿಶ್ವಸಂಸ್ಥೆ ನೇಮಿಸಿದ ತಜ್ಞರ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ, ಸರ್ಕಾರವು ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸಿತೆಂದು ನಂಬಲು ಸಕಾರಣಗಳಿವೆ ಎಂದು ವರದಿ ಮಾಡಿತು. ಸರ್ಕಾರ ಅದನ್ನು ತಳ್ಳಿಹಾಕಿತು. 2023ರ ಅಕ್ಟೋಬರ್‌ನಲ್ಲಿ ಆ ಆಯೋಗದ ಅವಧಿ ಮುಗಿದಾಗ ಅದನ್ನು ಮುಂದುವರಿಸಲು ಯಾವ ದೇಶವೂ ಮುಂದೆ ಬರಲಿಲ್ಲ. ಮರಣ ಪ್ರಮಾಣಪತ್ರದಲ್ಲಿ ಇಲ್ಲದ ಆ ಕೊನೆಯ ಸಾಲನ್ನು ಬರೆಯಬಹುದಾಗಿದ್ದ ಕೈಗಳಲ್ಲಿ ಒಂದು ಹೀಗೆ ಕೆಳಗಿಳಿಯಿತು.

ಬಂಧುಗಳೇ, ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಬರಗಾಲದ ಸಂತ್ರಸ್ತರಿಗಾಗಿ ಚಂದಾ ಎತ್ತುತ್ತಾರೆ. ಸಂಘದಿಂದ ನಾವೂ ಅನೇಕ ಬಾರಿ ನೆರವು ಕಳುಹಿಸಿದ್ದೇವೆ. ಅದು ಮುಂದುವರಿಯಲಿ. ಅದರೊಡನೆ ಒಂದು ಪ್ರಶ್ನೆ ಕೇಳುವ ಅಭ್ಯಾಸವನ್ನೂ ಮಕ್ಕಳಿಗೆ ಕಲಿಸೋಣ. ಎಲ್ಲಿಯೇ ಆಗಲಿ, ಜನ ಹಸಿವಿನಿಂದ ಸಾಯುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಮಳೆ ಏಕೆ ಬರಲಿಲ್ಲ ಎಂಬುದರ ಜೊತೆಗೆ, ಆ ಊರಿಗೆ ಹೋಗುವ ದಾರಿ ತೆರೆದಿದೆಯೇ, ಇಲ್ಲವಾದರೆ ಅದನ್ನು ಮುಚ್ಚಿದವರು ಯಾರು ಎಂದೂ ಕೇಳಲಿ. ನಾವು ವಾಸಿಸುವ ದೇಶದ ಸಂಸದರಿಗೆ ಒಂದು ಪತ್ರ ಬರೆಯಲು ನಮಗೆ ಹಕ್ಕಿದೆ. 1984ರಲ್ಲಿ ಹಣ ಕೊಟ್ಟ ಲಕ್ಷಾಂತರ ಒಳ್ಳೆಯ ಜನರಲ್ಲಿ ಈ ಪ್ರಶ್ನೆ ಕೇಳಿದವರು ಕೆಲವರು ಮಾತ್ರ.

ಹಾಗೆಯೇ ನಮ್ಮ ಕಚೇರಿಯಲ್ಲಿಯೋ, ಆಸ್ಪತ್ರೆಯಲ್ಲಿಯೋ, ಮಕ್ಕಳ ಶಾಲೆಯ ಬಾಗಿಲಲ್ಲಿಯೋ ಟಿಗ್ರೇಯವರು, ಅಮ್ಹಾರಾದವರು, ಎರಿಟ್ರಿಯಾದವರು ಸಿಕ್ಕರೆ, ಊರಿನ ಕಡೆ ಎಲ್ಲರೂ ಹೇಗಿದ್ದಾರೆ ಎಂದು ವಿಚಾರಿಸಿ. ನಮ್ಮ ನಾಡಿನಲ್ಲಿ ಯಾರೇ ಎದುರಾದರೂ ನಾವು ಮೊದಲು ಕೇಳುವ ಮಾತು ಅದೇ ತಾನೆ?